ಗಲ್ಲಾದಲ್ಲಿ ಹೆಚ್ಚಾದದ್ದು

ಬೇಕಿದ್ದದ್ದು ಒಂದೇ ಡಬ್ಬಿ ಇಂಗು.
ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಹೊಸ ಸೂಪರ್ ಮಾರ್ಕೆಟ್ಟು,
ತಿಂಗಳ ಮೊದಲ ಭಾನುವಾರ,
ನನ್ನ ಮುಂದೆ ಹದಿನಾಲ್ಕು ಜನ,
ಒಬ್ಬೊಬ್ಬರ ಗಾಡಿಯಲ್ಲೂ ಎಣ್ಣೆ, ಡೈಪರು, ಬಕೆಟ್ಟಿನೊಳಗೆ ಬಕೆಟ್ಟು.
ಮನೆಯಲ್ಲಿ ಒಲೆಯ ಮೇಲೆ ಸಾರು.
ಸಾರಿಗೆ ಸರದಿ ಗೊತ್ತಿಲ್ಲ.

ಡಬ್ಬಿಯ ಅಡಿಯಲ್ಲಿ ಬೆಲೆ: ಎಪ್ಪತ್ತೆಂಟು.
ಐವತ್ತು, ಇಪ್ಪತ್ತು, ಐದು, ಎರಡು, ಒಂದು,
ಎಣಿಸಿ ಮೇಜಿನ ಅಂಚಿಗಿಟ್ಟೆ,
ನೋಟು ಹಾರದಂತೆ ನಾಣ್ಯ ಹೇರಿ.
ಹುಡುಗಿ ತಲೆ ಎತ್ತಲಿಲ್ಲ.
ಯಂತ್ರದ ಕೆಂಪು ಕಣ್ಣೂ ನನ್ನತ್ತ ಹೊರಳಲಿಲ್ಲ.
ಕೊಟ್ಟೆ, ತಗೊಂಡೆ, ನಡೆದೆ.
ವ್ಯಾಪಾರವೆಂದರೆ ಇಷ್ಟೇ ತಾನೆ?

ಬಾಗಿಲಲ್ಲಿ ಕಾವಲಿನ ರಾಮ್‌ಸೂರತ್: ಬಿಲ್ಲು, ಕಾಕಾ?
ಕೈಯಲ್ಲಿ ಕಾಗದಕ್ಕೆ ತೂತು ಹೊಡೆಯುವ ಇಕ್ಕಳ.
ದುಡ್ಡು ಅಲ್ಲಿದೆ, ಅಂದೆ.
ಅಲ್ಲಿ ಅಂದರೆ ಎಲ್ಲಿ, ಅಂದ.
ತಿನ್ನುವ ಮೊದಲೇ ಇಂಗು ತಿಂದ ಮಂಗನಾಗಿ ನಿಂತೆ.

ಮ್ಯಾನೇಜರ್ ಬಂದ, ಮೊಮ್ಮಗನ ವಯಸ್ಸು.
ಕಳವು ಅನ್ನುವ ಮಾತನ್ನು ಅವನು ಆಡಲಿಲ್ಲ,
ನಾಲಗೆಯಡಿ ಮಡಚಿ ಇಟ್ಟುಕೊಂಡಿದ್ದ.
ನಾನೇ ಬಿಚ್ಚಿದೆ:
ಬೆಲೆ ಓದಿ ಚಿಲ್ಲರೆ ಹೊಂದಿಸುವ ಕಳ್ಳನನ್ನು
ಎಲ್ಲಾದರೂ ಕಂಡಿದ್ದೀಯೇನಪ್ಪ?
ನಿನ್ನ ಅಂಗಡಿಗೆ ಏನು ಕಡಿಮೆಯಾಯಿತು, ಹೇಳು.

ಉತ್ತರ ಬಂದದ್ದು ಮೇಜಿನಾಚೆಯಿಂದ, ಮರಾಠಿಯಲ್ಲಿ.
ಪ್ರಾಜಕ್ತಾ, ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು,
ಯಾರದೋ ಈರುಳ್ಳಿ ತೂಗುತ್ತ:
ಕಡಿಮೆ ಏನೂ ಇಲ್ಲ, ಆಜೋಬಾ.
ರಾತ್ರಿ ಎಪ್ಪತ್ತೆಂಟು ಹೆಚ್ಚು ಬರುತ್ತದೆ.
ಹೆಚ್ಚು ಯಾಕೆ ಬಂತೆಂದು ನಾನು ಬರೆದುಕೊಡಬೇಕು.

ಹೆಚ್ಚು.

ಮೂವತ್ತೊಂದು ವರ್ಷ ಗಲ್ಲಾದಲ್ಲಿ ಕೂತವನು ನಾನು,
ಫೋರ್ಟಿನ ಓಣಿಯ ಹೋಟೆಲು,
ಸೋಂಪಿನ ತಟ್ಟೆ, ಮೊಳೆಗೆ ಚುಚ್ಚಿದ ಬಿಲ್ಲು,
ಟಿಣ್ಣೆನ್ನುವ ಹಿತ್ತಾಳೆ ಬೆಲ್ಲು.
ಕಡಿಮೆ ಬಿದ್ದರೆ ಮರೆವು, ಹೆಚ್ಚಾದರೆ ಸಂಚು:
ಧಣಿಗಳ ಮಾತು. ನನಗದು ಬಾಯಿಪಾಠ.

ಒಂದು ಸಂಜೆ ಟೆಲಿಫೋನ್ ಆಫೀಸಿನ ಗಿರಾಕಿ
ದೋಸೆ ತಿಂದು, ಬಸಿಯ ಅಡಿಗೆ ಸರಿಯಾಗಿ ದುಡ್ಡಿಟ್ಟು,
ಬಿಲ್ಲನ್ನು ಜೇಬಿಗಿಳಿಸಿ ಲೋಕಲಿಗೆ ಓಡಿದ.
ಮೇಜು ಒರೆಸಿದವನು ದೂಮ,
ಹದಿಮೂರರ ಹುಡುಗ, ಊರಿಂದ ಬಂದು ಹನ್ನೊಂದು ದಿನ.
ನಾನು ಅತ್ತ ಫೋನಿನಲ್ಲಿ.
ಅವನು ಖಾನೆ ಎಳೆದು ದುಡ್ಡು ಹಾಕಿ ಮುಚ್ಚಿದ.

ಗಲ್ಲಾದೊಳಗೆ ಕೈ ಕಂಡವರು ಮೂವರು.
ಹಾಕಿದ ಕೈಯೋ ತೆಗೆದ ಕೈಯೋ
ಯಾರೂ ನೋಡಲಿಲ್ಲ. ನಾನು ಕೇಳಲೂ ಇಲ್ಲ.
ರಾತ್ರಿ ಲೆಕ್ಕಕ್ಕೆ ಒಂದು ರೂಪಾಯಿ ಎಂಬತ್ತು ಪೈಸೆ ಹೆಚ್ಚು.
ಕದ್ದವನು ಹೆದರಿ ತಿರುಗಿ ಹಾಕಿದ್ದಾನೆ, ಅಂದೆ.
ಎಲ್ಲರ ಮುಂದೆ ಚಡ್ಡಿಯ ಜೇಬು ಹೊರಗೆಳೆದೆ.
ಅವರು ಇಟ್ಟದ್ದು, ನಾನು ಹಾಕಿದ್ದು,
ತುಳುವಿನಲ್ಲಿ ಎರಡು ಸಲ ಹೇಳಿದ.
ಮೂರನೆಯ ಸಲ ಹೇಳಲಿಲ್ಲ.
ಬೆಳಿಗ್ಗೆ ಅವನ ಚಾಪೆ ಸುತ್ತಿಟ್ಟಿತ್ತು,
ರಾತ್ರಿಶಾಲೆಯ ಪುಸ್ತಕ ಅದರೊಳಗೆ.

ಗಿರಾಕಿ ನಾಲ್ಕು ದಿನ ಬಿಟ್ಟು ಬಂದ, ನಗುತ್ತಲೇ.
ಕೊಟ್ಟೇ ಹೋಗಿದ್ದೆನಲ್ಲ ಮಾರಾಯರೆ, ಅಂದ.
ಕೊಟ್ಟಿದ್ದ, ಹೌದು.

ಬಿಡಿ ಕಾಕಾ, ಹೋಗಿ, ಅಂದ ಮ್ಯಾನೇಜರ್.
ಮೊಬೈಲು ಒದರುತ್ತಿತ್ತು, ಸಾರಿನದೇ ಇರಬೇಕು.
ಡಬ್ಬಿ ಹಿಡಿದು ಹಿಂದೆ ಹೋಗಿ ನಿಂತೆ,
ಈಗ ಹದಿನೇಳನೆಯವನು.

ಸರದಿ ಬಂದಾಗ ಮೇಜಿನ ಅಂಚಿನಲ್ಲಿ
ಐವತ್ತು, ಇಪ್ಪತ್ತು, ಐದು, ಎರಡು.
ಒಂದು ರೂಪಾಯಿ ಯಾರದೋ ಚೀಲಕ್ಕೆ ತಾಗಿ
ಎಲ್ಲಿಗೋ ಉರುಳಿತ್ತು.
ಜೇಬು ತಡಕಿದೆ. ಐನೂರರ ನೋಟು ಬಿಟ್ಟರೆ ಬೇರೇನಿಲ್ಲ.
ಪ್ರಾಜಕ್ತಾ ತನ್ನ ಜೇಬಿನಿಂದ ಒಂದು ನಾಣ್ಯ ತೆಗೆದಳು.
ಖಾನೆಗೆ ಹಾಕುವ ಮೊದಲು,
ಎರಡು ಬೆರಳಲ್ಲಿ ಹಿಡಿದು,
ತಲೆಯ ಮೇಲಿನ ಕ್ಯಾಮೆರಾಕ್ಕೆ ಎತ್ತಿ ತೋರಿಸಿದಳು.